ಸೋಯಾ ಇಳುವರಿ ಸೀಸೆಯಲ್ಲಿಲ್ಲ



ಮುಂಗಾರು ಹತ್ತಿರವಾದಂತೆ ನಮ್ಮ ಸಂಘದ ಮಳಿಗೆಗೆ ಬರುವವರ ಮಾತು ತೋಟದಿಂದ ಹೊಲದ ಕಡೆಗೆ ಹೊರಳುತ್ತದೆ. ಕಲಘಟಗಿ, ಅಳ್ನಾವರ, ಧಾರವಾಡದ ಪಶ್ಚಿಮದ ಹಳ್ಳಿಗಳು, ಆಚೆ ಹಳಿಯಾಳ, ಮುಂಡಗೋಡದ ಸೆರಗಿನಲ್ಲಿರುವ ನಮ್ಮ ಬೆಳೆಗಾರರಲ್ಲಿ ಬಹಳ ಜನರಿಗೆ ಒಂದೆರಡು ಎಕರೆ ಅಡಿಕೆ, ಅದರ ನಡುವೆ ಒಂದಿಷ್ಟು ಕಾಫಿ, ಮೆಣಸು ಇರುವಂತೆಯೇ ನಾಲ್ಕಾರು ಎಕರೆ ಮಳೆಯಾಶ್ರಿತ ಹೊಲವೂ ಉಂಟು. ಆ ಹೊಲದಲ್ಲಿ ಸೋಯಾಅವರೆ ಈಗ ಮುಖ್ಯ ಮುಂಗಾರಿ ಬೆಳೆಯಾಗಿ ನಿಂತಿದೆ. ಅಡಿಕೆ ಕೊನೆ ಇಳಿಯುವುದಕ್ಕೆ ಮೊದಲು, ಕಾಫಿ ಹಣ್ಣಾಗುವುದಕ್ಕೆ ಮೊದಲು, ದಸರಾ-ದೀಪಾವಳಿಯ ಹೊತ್ತಿಗೆ ಕೈಗೆ ನಾಲ್ಕು ಕಾಸು ತರುವ ಬೆಳೆ ಇದು. ತೋಟದ ಕೂಲಿ, ಕೊನೆಗೌಡನ ಮುಂಗಡ, ಮಕ್ಕಳ ಶಾಲೆಯ ಖರ್ಚು ಬಹುಮಟ್ಟಿಗೆ ಇದರ ಮೇಲೆಯೇ ನಡೆಯುತ್ತವೆ. ಆದುದರಿಂದ ಕಾಫಿ-ಅಡಿಕೆ ಬೆಳೆಗಾರರ ಪತ್ರಿಕೆಯಲ್ಲಿ ಸೋಯಾದ ಮಾತೇಕೆ ಎಂದು ಯಾರೂ ಕೇಳಲಾರರೆಂದು ನಂಬಿದ್ದೇವೆ.

ಈ ಲೇಖನಕ್ಕೆ ಕಾರಣ ಒಂದು ಬೇಡಿಕೆ. ಪೇಟೆಯ ಅಂಗಡಿಗಳಲ್ಲಿ ಸಿಗುವ ಸೋಯಾ ಟಾನಿಕ್ಕುಗಳನ್ನು, ಹೂವು ಹೆಚ್ಚಿಸುವ, ಕಾಯಿ ತುಂಬಿಸುವ ದ್ರಾವಣಗಳನ್ನು ನಮ್ಮ ಸಂಘವೂ ತರಿಸಿ, ಬೆಳೆಸಾಲದ ಲೆಕ್ಕದಲ್ಲಿ ಕೊಡಬೇಕೆಂದು ಕೆಲವು ಸದಸ್ಯರು ಕೇಳಿದ್ದಾರೆ. ಬೇಡಿಕೆಯ ಹಿಂದಿನ ಸಂಕಟ ನಮಗೆ ಅರ್ಥವಾಗುತ್ತದೆ. ಆದರೆ ಅದಕ್ಕೆ ನಮ್ಮ ಸಮ್ಮತಿಯಿಲ್ಲ. ಸೋಯಾದ ಇಳುವರಿ ಬಹುಪಾಲು ಬಿತ್ತಿದ ಮೊದಲ ಮೂವತ್ತು ದಿನಗಳಲ್ಲೇ ತೀರ್ಮಾನವಾಗುತ್ತದೆ. ಅರವತ್ತನೆಯ ದಿನ ಕೊಂಡು ತಂದ ಸೀಸೆ ಆ ತೀರ್ಮಾನವನ್ನು ತಿದ್ದಲಾರದು. ಸಂಘದ ಹಣ, ಸದಸ್ಯರ ಹಣ ಎರಡೂ ಆ ಮೊದಲ ತಿಂಗಳಿಗೆ ಸಲ್ಲಬೇಕು ಎಂಬುದು ನಮ್ಮ ಅಭಿಪ್ರಾಯ.

ಟಾನಿಕ್ಕಿನ ಮಾತು ಬಂದಾಗಲೆಲ್ಲ ಅಮೆರಿಕದ ದಾಖಲೆ ಬೆಳೆಗಳ ಮಾತೂ ಬರುತ್ತದೆ. ಆ ದಾಖಲೆಗಳು ಸುಳ್ಳಲ್ಲ. ಜಾರ್ಜಿಯಾ ರಾಜ್ಯದ ರೈತ ರ‍್ಯಾಂಡಿ ಡೌಡಿ ೨೦೧೯ರಲ್ಲಿ ಎಕರೆಗೆ ೧೯೦ ಬುಶೆಲ್, ಅಂದರೆ ಸುಮಾರು ೫೨ ಕ್ವಿಂಟಲ್ ಬೆಳೆದರು. ಅದೇ ರಾಜ್ಯದ ಅಲೆಕ್ಸ್ ಹ್ಯಾರೆಲ್ ೨೦೨೩ರಲ್ಲಿ ೨೦೬ ಬುಶೆಲ್, ೨೦೨೪ರಲ್ಲಿ ೨೧೮ ಬುಶೆಲ್ ದಾಟಿದರು. ಕೊನೆಯದು ನಮ್ಮ ತೂಕದಲ್ಲಿ ಎಕರೆಗೆ ೫೯ ಕ್ವಿಂಟಲ್. ಆದರೆ ಅವು ನೀರಾವರಿ ಇರುವ, ಹಂತಹಂತವಾಗಿ ಪೋಷಕಾಂಶ ಒದಗಿಸಿದ, ಸ್ಪರ್ಧೆಗೆಂದೇ ಅಳೆದ ತಾಕುಗಳ ಲೆಕ್ಕ. ಅದೇ ದೇಶದ ಸರಾಸರಿ ೨೦೨೩ರಲ್ಲಿ ಎಕರೆಗೆ ೫೦ ಬುಶೆಲ್ ಆಸುಪಾಸು, ಅಂದರೆ ಸುಮಾರು ೧೩.೭ ಕ್ವಿಂಟಲ್. ಅಲ್ಲಿನ ಬೆಳೆ ಹೊಲದಲ್ಲಿ ನಾಲ್ಕು-ಐದು ತಿಂಗಳು ನಿಲ್ಲುತ್ತದೆ. ನಮ್ಮ ಜೆ.ಎಸ್. ೩೩೫ ತೊಂಬತ್ತೈದು ದಿನಗಳಲ್ಲಿ ಕೊಯ್ಲಿಗೆ ಬರುತ್ತದೆ, ಅದೂ ಮಳೆಯನ್ನೇ ನಂಬಿಕೊಂಡು. ಜಾರ್ಜಿಯಾದೊಡನೆ ಧಾರವಾಡದ ಹೋಲಿಕೆ ಸಲ್ಲದು.

ನಮ್ಮನ್ನು ಕಾಡಬೇಕಾದ ಅಂತರ ಬೇರೊಂದಿದೆ. ಭಾರತದ ಸರಾಸರಿ ಇಳುವರಿ ಹೆಕ್ಟೇರಿಗೆ ಸುಮಾರು ಒಂದು ಟನ್ನು, ಎಕರೆಗೆ ನಾಲ್ಕು ಕ್ವಿಂಟಲ್. ನಮ್ಮ ಭಾಗದಲ್ಲೇ, ಒಂದೇ ಬದುವಿನ ಈ ಕಡೆ ನಾಲ್ಕು, ಆ ಕಡೆ ಎಂಟು ಕ್ವಿಂಟಲ್ ಬಂದದ್ದನ್ನು ನಮ್ಮ ಸದಸ್ಯರೆಲ್ಲ ಕಂಡಿದ್ದಾರೆ. ಮಳೆ ಒಂದೇ, ಮಣ್ಣು ಒಂದೇ, ಬಹಳ ಸಲ ತಳಿಯೂ ಒಂದೇ. ಹಾಗಿದ್ದರೆ ಆ ನಾಲ್ಕು ಕ್ವಿಂಟಲ್ ಎಲ್ಲಿ ಹೋಯಿತು?

ಲೆಕ್ಕ ಹಾಕಿ ನೋಡೋಣ. ಸಾಲಿನಿಂದ ಸಾಲಿಗೆ ೩೦ ಸೆಂ.ಮೀ., ಗಿಡದಿಂದ ಗಿಡಕ್ಕೆ ೧೦ ಸೆಂ.ಮೀ. ಇಟ್ಟರೆ ಎಕರೆಗೆ ಸುಮಾರು ೧.೩ ಲಕ್ಷ ಗಿಡ ಕೂಡುತ್ತವೆ. ಅದರಲ್ಲಿ ಒಂದು ಲಕ್ಷ ಗಿಡ ಕೊಯ್ಲಿನವರೆಗೆ ಉಳಿದವೆನ್ನಿ. ಗಿಡಕ್ಕೆ ೩೦ ಕಾಯಿ, ಕಾಯಿಗೆ ಎರಡು ಕಾಳು, ನೂರು ಕಾಳಿನ ತೂಕ ೧೨ ಗ್ರಾಂ ಎಂದು ಹಿಡಿದರೆ ೭.೨ ಕ್ವಿಂಟಲ್ ಆಯಿತು. ಗಿಡಗಳು ಅರವತ್ತು ಸಾವಿರಕ್ಕೆ ಇಳಿದರೆ ಉಳಿದವು ಟೊಂಗೆ ಒಡೆದು ಕಾಯಿ ಹೆಚ್ಚಿಸುತ್ತವೆ, ನಿಜ. ಆದರೆ ಗಿಡಕ್ಕೆ ೪೦ ಕಾಯಿ ಬಂದರೂ ಲೆಕ್ಕ ೫.೮ ಕ್ವಿಂಟಲಿಗೆ ನಿಲ್ಲುತ್ತದೆ. ಖಾಲಿ ಬಿದ್ದ ಜಾಗದಲ್ಲಿ ಕಳೆ ಮೇಲೆದ್ದರೆ ಅದೂ ಇಲ್ಲ. ಇಲ್ಲದ ಗಿಡಕ್ಕೆ ಯಾವ ಟಾನಿಕ್ಕೂ ಕಾಯಿ ಹಿಡಿಸದು.

ಈ ಲೆಕ್ಕವನ್ನು ಪ್ರತಿಯೊಬ್ಬರೂ ತಮ್ಮ ಹೊಲದಲ್ಲೇ ಮಾಡಬಹುದು. ಬಿತ್ತಿದ ಹದಿನೈದನೆಯ ದಿನ ಹೊಲದ ಹತ್ತು ಕಡೆ ಒಂದೊಂದು ಮೀಟರ್ ಸಾಲಿನ ಗಿಡ ಎಣಿಸಿ ಸರಾಸರಿ ತೆಗೆಯಿರಿ. ೩೦ ಸೆಂ.ಮೀ. ಸಾಲಿನ ಬಿತ್ತನೆಯಲ್ಲಿ ಎಕರೆಗೆ ಸುಮಾರು ೧೩,೫೦೦ ಮೀಟರ್ ಸಾಲು ಇರುತ್ತದೆ. ಮೀಟರಿಗೆ ಎಂಟು ಗಿಡವಿದ್ದರೆ ಎಕರೆಗೆ ೧.೦೮ ಲಕ್ಷ. ನಾಲ್ಕೇ ಇದ್ದರೆ ಆ ವರ್ಷದ ಗಿಡಗಳ ಸಂಖ್ಯೆ ಆಗಲೇ ಅರ್ಧಕ್ಕೆ ಇಳಿದಿದೆ ಎಂದು ತಿಳಿಯಬೇಕು.

ಗಿಡ ಕಡಿಮೆಯಾಗುವುದಕ್ಕೆ ಮೊದಲ ಕಾರಣ ಬೀಜ. ಸೋಯಾ ಬೀಜದ ಸಿಪ್ಪೆ ಬಲು ತೆಳು. ಚೀಲವನ್ನು ಲಾರಿಯಿಂದ ಎತ್ತಿ ಒಗೆದರೆ, ಒಂದರ ಮೇಲೊಂದು ಹತ್ತು ಚೀಲ ಒಟ್ಟಿದರೆ, ತಗಡಿನ ಸೂರಿನ ಸೆಕೆಯಲ್ಲಿ ಇಟ್ಟರೆ ಹೊರಗೆ ಚೆಂದ ಕಾಣುವ ಕಾಳು ಒಳಗೆ ಸತ್ತಿರುತ್ತದೆ. ೨೦೧೯ರಲ್ಲಿ ಕೊಯ್ಲಿನ ಕಾಲಕ್ಕೆ ಸುರಿದ ಮಳೆ ಬೀಜದ ಗುಣವನ್ನು ಕೆಡಿಸಿತ್ತು. ೨೦೨೦ರ ಮುಂಗಾರಿನಲ್ಲಿ ಮಧ್ಯಪ್ರದೇಶ, ಮಹಾರಾಷ್ಟ್ರಗಳಲ್ಲೂ ನಮ್ಮ ರಾಜ್ಯದಲ್ಲೂ ಮೊಳಕೆ ಬಾರದೆ ರೈತರು ಮರುಬಿತ್ತನೆ ಮಾಡಬೇಕಾಯಿತು. ಪ್ರಮಾಣಿತ ಬೀಜಕ್ಕೆ ಕನಿಷ್ಠ ಮೊಳಕೆ ಶೇಕಡಾ ೭೦ ಎಂಬ ನಿಯಮವಿದೆ. ಆದರೆ ಚೀಟಿಯಲ್ಲಿರುವ ಅಂಕೆ ಪರೀಕ್ಷೆಯ ದಿನದ್ದು, ನಮ್ಮ ಹೊಲಕ್ಕೆ ಬೇಕಾದುದು ಬಿತ್ತುವ ದಿನದ್ದು. ಒದ್ದೆ ಗೋಣಿತಾಟಿನಲ್ಲಿ ನೂರು ಕಾಳು ಸಾಲಾಗಿ ಇಟ್ಟು ಸುತ್ತಿ, ನೆರಳಿನಲ್ಲಿ ತೇವ ಆರದಂತೆ ನೋಡಿಕೊಂಡು, ಏಳನೆಯ ದಿನ ಎಣಿಸಿದರೆ ಸಾಕು. ಎಪ್ಪತ್ತು ಮೊಳೆತರೆ ಎಕರೆಗೆ ೨೫ ಕೆ.ಜಿ. ಅರವತ್ತು ಮೊಳೆತರೆ ೨೯ ಕೆ.ಜಿ. ಐವತ್ತಕ್ಕಿಂತ ಕಡಿಮೆಯಾದರೆ ಆ ಬೀಜ ಬಿತ್ತುವುದೇ ಬೇಡ. ಅಡಿಕೆ ಗೋಟು ಆರಿಸುವಾಗ ತಾಯಿಮರದ ವಯಸ್ಸು, ಗೊನೆ ನೋಡಿ, ನೀರಿನಲ್ಲಿ ತೇಲಿಸಿ ನೋಡುವ ನಾವು ಸೋಯಾದ ಚೀಲವನ್ನು ಮಾತ್ರ ಬಾಯಿ ಬಿಚ್ಚದೆ ಕೂರಿಗೆಗೆ ಸುರಿಯುವುದು ಸರಿಯಲ್ಲ.

ಎರಡನೆಯದು ಹದ ಮತ್ತು ನೀರು. ಮೊದಲ ಹನಿಗೇ ಬಿತ್ತಿ ಬಿಡುವ ಆತುರ ನಮ್ಮ ಭಾಗದಲ್ಲಿದೆ. ೭೫ರಿಂದ ೧೦೦ ಮಿ.ಮೀ. ಮಳೆ ಬಿದ್ದು ಭೂಮಿ ಚೆನ್ನಾಗಿ ಹಸಿಯಾದ ಮೇಲೆಯೇ ಬಿತ್ತಬೇಕು. ಮೃಗಶಿರ, ಆರಿದ್ರಾ ಮಳೆಗಳಲ್ಲಿ ಬಿತ್ತಿದ್ದಕ್ಕೆ ಕಾಲ ಸಾಕಾಗುತ್ತದೆ. ಜುಲೈ ನಡುವಿನಾಚೆ ಹೋದರೆ ಇಳುವರಿ ಇಳಿಯುತ್ತದೆ, ತುಕ್ಕು ರೋಗಕ್ಕೂ ಬೆಳೆ ಹೆಚ್ಚು ಸಿಕ್ಕುತ್ತದೆ. ಬೀಜ ೩ರಿಂದ ೪ ಸೆಂ.ಮೀ. ಆಳದಲ್ಲಿ ಬಿದ್ದರೆ ಸಾಕು. ಟ್ರ್ಯಾಕ್ಟರಿನ ಕೂರಿಗೆಯನ್ನು ಆಳಕ್ಕೆ ಇಳಿಸಿ ಬಿತ್ತಿದ ಮೇಲೆ ಜೋರು ಮಳೆ ಬಂದು ಮೇಲ್ಮಣ್ಣು ಹೆಪ್ಪುಗಟ್ಟಿದರೆ ಮೊಳಕೆಯ ಕುತ್ತಿಗೆ ಮುರಿಯುತ್ತದೆ.

ನೀರು ನಿಲ್ಲುವ ವಿಷಯ ತೋಟದವರಿಗೆ ಹೇಳಬೇಕಾಗಿಲ್ಲ. ಬಸಿಗಾಲುವೆ ಇಲ್ಲದ ಅಡಿಕೆ ತೋಟ ಎಷ್ಟು ದಿನ ಬಾಳೀತು? ಎರೆ ಹೊಲದ ಸೋಯಾಕ್ಕೂ ಅದೇ ನ್ಯಾಯ. ಬೇರಿಗೆ ಗಾಳಿ ಸಿಗದೆ ಮೂರು ದಿನ ನೀರು ನಿಂತರೆ ಎಲೆ ಹಳದಿಯಾಗುತ್ತದೆ, ಬೇರುಗಂಟು ಕೆಲಸ ನಿಲ್ಲಿಸುತ್ತದೆ. ಆಗ ಪೇಟೆಗೆ ಓಡಿ ಯೂರಿಯಾ, ಟಾನಿಕ್ ತರುವುದು ನಮ್ಮ ರೂಢಿ. ಬೇಕಾಗಿದ್ದುದು ಒಂದು ಕಾಲುವೆ. ಅಗಲ ಮಡಿ ಏರಿಸಿ ಎರಡು ಬದಿಗೆ ಸಾಲು ಬಿಟ್ಟು ಬಿತ್ತುವ ಪದ್ಧತಿಗೆ ಈಗ ಯಂತ್ರವೂ ಇದೆ. ಹೆಚ್ಚು ಮಳೆಯಾದರೆ ಆ ಸಾಲು ನೀರು ಹೊರಹಾಕುತ್ತದೆ, ಮಳೆ ಕೈಕೊಟ್ಟರೆ ಇದ್ದ ತೇವ ಹಿಡಿಯುತ್ತದೆ. ಯಂತ್ರ ಸಿಗದವರು ನಾಲ್ಕಾರು ಸಾಲಿಗೊಂದು ಬೋದು ತೆಗೆದರೂ ಪ್ರಯೋಜನವುಂಟು. ಹೊರಹೋದ ನೀರನ್ನು ೨೦೧೪ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯಲ್ಲಿ ತೋಡಿಸಿದ ಹೊಂಡಕ್ಕೆ ತಿರುಗಿಸಿಕೊಂಡವರು, ಕಾಯಿ ತುಂಬುವ ಕಾಲದಲ್ಲಿ ಮಳೆ ಹದಿನೈದು ದಿನ ಕಣ್ಣು ಮುಚ್ಚಿದಾಗ ಒಂದು ಸಲ ನೀರು ಕೊಡಬಲ್ಲರು. ಕಾಫಿಗೆ ಹೂಮಳೆ, ಅದರ ಬೆನ್ನಿಗೆ ಬರುವ ಮಳೆ ಎಷ್ಟು ಮುಖ್ಯವೋ ಸೋಯಾಕ್ಕೆ ಆ ಒಂದು ನೀರು ಅಷ್ಟು ಮುಖ್ಯ.

ಮೂರನೆಯದು ಬೇರುಗಂಟು. ಸೋಯಾ ಕಾಳಿನಲ್ಲಿ ಶೇಕಡಾ ೪೦ರಷ್ಟು ಸಸಾರಜನಕ, ಅಂದರೆ ಪ್ರೋಟೀನು ಇದೆ. ಅದನ್ನು ಕಟ್ಟಲು ಸಾರಜನಕ ಬೇಕು. ಎಂಟು ಕ್ವಿಂಟಲ್ ಬೆಳೆಯುವ ಒಂದು ಎಕರೆ ಸೋಯಾ ೬೦ ಕೆ.ಜಿ.ಗೆ ಮಿಕ್ಕಿ ಸಾರಜನಕ ಹೀರುತ್ತದೆ. ನಾವು ಗೊಬ್ಬರದಲ್ಲಿ ಕೊಡುವುದು ೧೬ ಕೆ.ಜಿ. ಉಳಿದುದನ್ನು ಮಣ್ಣು ಮತ್ತು ಬೇರುಗಂಟಿನ ಅಣುಜೀವಿಗಳೇ ಒದಗಿಸಬೇಕು. ಅರ್ಧಕ್ಕಿಂತ ಹೆಚ್ಚಿನದು ಈ ಅಣುಜೀವಿಗಳು ಗಾಳಿಯಿಂದ ಹಿಡಿದು ಕೊಡುವಂಥದು. ಬಿಟ್ಟಿ ಸಿಗುವ ಈ ಗೊಬ್ಬರದ ಕಾರ್ಖಾನೆಗೆ ಬಂಡವಾಳ ಒಂದು ರೈಜೋಬಿಯಂ ಪೊಟ್ಟಣ. ಮೊದಲು ಶಿಲೀಂಧ್ರನಾಶಕದಿಂದ ಬೀಜೋಪಚಾರ ಮಾಡಿ ಆರಿಸಿ, ಬಿತ್ತುವ ಮುನ್ನ ನೆರಳಿನಲ್ಲಿ ರೈಜೋಬಿಯಂ ಲೇಪಿಸಿ ಕೂಡಲೇ ಬಿತ್ತಬೇಕು. ಸೋಯಾದ ಗಂಟು ಕಟ್ಟುವ ಜಾತಿಯೇ ಬೇರೆ. ಕಡಲೆಯ ಪೊಟ್ಟಣ ಇದಕ್ಕೆ ಆಗದು. ಬಿಸಿಲಿನಲ್ಲಿ ಒಣಗಿದ, ಅವಧಿ ಮುಗಿದ ಪೊಟ್ಟಣದಲ್ಲಿ ಇದ್ದಲಿನ ಪುಡಿಯ ಹೊರತು ಮತ್ತೇನೂ ಉಳಿದಿರುವುದಿಲ್ಲ.

ಬಿತ್ತಿದ ಮೂವತ್ತೈದನೆಯ ದಿನ ನಾಲ್ಕು ಗಿಡಗಳನ್ನು ಮಣ್ಣು ಸಹಿತ ಅಗೆದು, ನೀರಿನಲ್ಲಿ ತೊಳೆದು, ಬೇರುಗಂಟನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ನಸುಗೆಂಪು ಇದ್ದರೆ ಕಾರ್ಖಾನೆ ನಡೆಯುತ್ತಿದೆ. ಬಿಳಿಚಿಕೊಂಡಿದ್ದರೆ, ಹಸಿರಾಗಿದ್ದರೆ ನಿಂತಿದೆ. ಹೊಲ ಹಸಿರಾಗಲೆಂದು ಯೂರಿಯಾ ಎರಚುತ್ತ ಹೋದರೆ ಗಿಡ ಸೊಕ್ಕಿ ಬೆಳೆಯುತ್ತದೆ, ಗಂಟು ಸೋಮಾರಿಯಾಗುತ್ತದೆ. ಧಾರವಾಡದ ಶಿಫಾರಸು ಎಕರೆಗೆ ೧೬ ಕೆ.ಜಿ. ಸಾರಜನಕ, ೩೨ ಕೆ.ಜಿ. ರಂಜಕ, ೧೦ ಕೆ.ಜಿ. ಪೊಟ್ಯಾಷ್. ಇದನ್ನು ನಾಲ್ಕು ಚೀಲ ಸೂಪರ್ ಫಾಸ್ಫೇಟ್, ೩೫ ಕೆ.ಜಿ. ಯೂರಿಯಾ, ೧೭ ಕೆ.ಜಿ. ಮ್ಯೂರಿಯೇಟ್ ಆಫ್ ಪೊಟ್ಯಾಷ್ ರೂಪದಲ್ಲಿ ಬಿತ್ತುವಾಗಲೇ ಕೊಡಬಹುದು. ಡಿ.ಎ.ಪಿ.ಗಾಗಿ ಸರದಿ ನಿಲ್ಲುವುದಕ್ಕಿಂತ ಸೂಪರ್ ಫಾಸ್ಫೇಟ್ ಮೇಲು, ಏಕೆಂದರೆ ಎಣ್ಣೆಕಾಳಿಗೆ ಬೇಕಾದ ಗಂಧಕ ಅದರಲ್ಲೇ ಬರುತ್ತದೆ. ಅದರೊಡನೆ ಕೊಟ್ಟಿಗೆ ಗೊಬ್ಬರ ಬಿದ್ದ ಹೊಲಕ್ಕೆ ಎಣೆಯಿಲ್ಲ.

ಕಳೆಯ ಮಾತು ಚಿಕ್ಕದು. ಮೊದಲ ನಲವತ್ತೈದು ದಿನ ಹೊಲ ಶುದ್ಧವಿದ್ದರೆ ಮುಂದೆ ಸೋಯಾ ತಾನೇ ಸಾಲು ಮುಚ್ಚಿ ಕಳೆಯನ್ನು ಅದುಮುತ್ತದೆ. ಇಪ್ಪತ್ತನೆಯ ದಿನ ಒಮ್ಮೆ, ಮೂವತ್ತೈದರ ಒಳಗೆ ಇನ್ನೊಮ್ಮೆ ಎಡೆಕುಂಟೆ ಹೊಡೆಯಬೇಕು. ಹೂ ಬಂದ ಮೇಲೆ ಕುಂಟೆ ಹೊಕ್ಕರೆ ಲಾಭಕ್ಕಿಂತ ನಷ್ಟ ಹೆಚ್ಚು.

ಇನ್ನು ತುಕ್ಕು ರೋಗ. ಕಾಫಿ ಎಲೆಯ ತುಕ್ಕನ್ನು ಕಂಡವರಿಗೆ ಇದರ ಸ್ವಭಾವ ಹೊಸದಲ್ಲ. ಎರಡರ ಶಿಲೀಂಧ್ರಗಳು ಬೇರೆಬೇರೆ, ತೋಟದಿಂದ ಹೊಲಕ್ಕೆ ಹರಡುವುದಿಲ್ಲ. ಆದರೆ ಎಲೆ ಉದುರಿಸಿ ಕಾಯಿಯನ್ನು ಜೊಳ್ಳು ಮಾಡುವ ಕೆಲಸ ಒಂದೇ. ಬೆಳಗಾವಿ ಜಿಲ್ಲೆಯ ಉಗಾರ ಖುರ್ದ ಈ ರೋಗ ತೀವ್ರವಾಗಿ ಬರುವ ಸ್ಥಳ. ತಳಿಗಳ ಸಹನೆಯನ್ನು ಅಲ್ಲಿಯೇ ಒರೆಗೆ ಹಚ್ಚುತ್ತಾರೆ. ೧೯೯೪ರಲ್ಲಿ ಬಿಡುಗಡೆಯಾಗಿ ನಮ್ಮ ಭಾಗದಲ್ಲಿ ಮನೆಮಾತಾದ ಜೆ.ಎಸ್. ೩೩೫ಕ್ಕೆ ತುಕ್ಕು ತಡೆಯುವ ಶಕ್ತಿಯಿಲ್ಲ. ಅದನ್ನೇ ತುಕ್ಕು ತಡೆಯುವ ತಳಿಯೊಡನೆ ಸಂಕರಿಸಿ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಡಿ.ಎಸ್.ಬಿ. ೨೧ ತಳಿಯನ್ನು ಕೊಟ್ಟಿದೆ. ಕಾಫಿಯಲ್ಲಿ ಎಸ್. ೭೯೫ ಬಂದಾಗ ಬೆಳೆಗಾರರು ಅದನ್ನು ಕೈಹಿಡಿದದ್ದು ಇಂಥದೇ ಕಾರಣಕ್ಕೆ. ಜೆ.ಎಸ್. ೩೩೫ ಬಿತ್ತಿದವರು ಆಗಸ್ಟ್ ತಿಂಗಳಲ್ಲಿ ಕೆಳಗಿನ ಎಲೆಗಳ ಹಿಂಬದಿಯನ್ನು ವಾರವಾರ ತಿರುಗಿಸಿ ನೋಡುತ್ತಿರಬೇಕು. ರೋಗ ಕಂಡ ಕೂಡಲೇ ಲೀಟರ್ ನೀರಿಗೆ ೧ ಮಿ.ಲೀ. ಹೆಕ್ಸಾಕೊನಜೋಲ್ ಸಿಂಪಡಿಸಬೇಕು. ಹೊಲವೆಲ್ಲ ಹಳದಿಯಾದ ಮೇಲೆ ಸಿಂಪಡಿಸಿದ್ದು ನೀರಿನಲ್ಲಿ ಹೋಮ ಮಾಡಿದಂತೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮೊದಲೇ ಹೊಡೆಯಬೇಕೆಂಬುದನ್ನು ಕಳೆದ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಲೆಸ್ಲಿ ಕೋಲ್ಮನ್ ಅವರ ಕೆಲಸದಿಂದ ಕಲಿತವರು ನಾವು. ಆ ಪಾಠ ಹೊಲದಲ್ಲಿ ಮರೆಯುವುದೇಕೆ?

ಎಲೆ ತಿನ್ನುವ ಹುಳುವಿಗೂ ಹೀಗೆಯೇ. ಮೊಟ್ಟೆಯ ಗುಂಪು, ಜರಡಿಯಾದ ಎಲೆ ಕಂಡಾಗಲೇ ಆ ಎಲೆಗಳನ್ನು ಕಿತ್ತು ನಾಶ ಮಾಡಿದರೆ ನೂರಾರು ಹುಳು ಒಮ್ಮೆಗೇ ಹೋದವು. ತೇವದ ವಾತಾವರಣದಲ್ಲಿ ಹುಳುಗಳಿಗೆ ಬಿಳಿ ಬೂಷ್ಟು ಹಿಡಿದು ಸೆಟೆದು ಸಾಯುವುದನ್ನು ಕಂಡಿರಬಹುದು. ಅದು ನೊಮುರಿಯಾ ಎಂದು ಹೆಸರಾದ ಶಿಲೀಂಧ್ರದ ಕೆಲಸ. ಧಾರವಾಡದ ವಿಜ್ಞಾನಿಗಳು ಅದನ್ನು ಬೆಳೆಸಿ ಸಿಂಪಡಿಸುವ ಕ್ರಮವನ್ನೂ ತೋರಿಸಿಕೊಟ್ಟಿದ್ದಾರೆ. ಅದು ಕೆಲಸ ಮಾಡುತ್ತಿರುವ ಹೊಲಕ್ಕೆ ಕಂಡ ಕಂಡ ಔಷಧಿ ಸುರಿಯುವುದು ಕಾವಲುಗಾರನನ್ನೇ ಹೊಡೆದಂತೆ.

ಬೆಳೆದದ್ದನ್ನು ಉಳಿಸುವುದೂ ಇಳುವರಿಯೇ. ಎಲೆ ಉದುರಿ ಕಾಯಿ ಬಣ್ಣ ತಿರುಗಿದ ಮೇಲೆ ತಡಮಾಡಿದರೆ ಕಾಯಿ ಸಿಡಿದು ಕಾಳು ನೆಲದ ಪಾಲು. ಬೀಜಕ್ಕೆಂದು ಇಡುವ ಕಾಳಿಗೆ ಒಕ್ಕುವ ಯಂತ್ರದ ಡ್ರಮ್ಮು ನಿಮಿಷಕ್ಕೆ ೩೫೦-೪೦೦ ಸುತ್ತಿಗಿಂತ ಜೋರಾಗಿ ತಿರುಗಬಾರದು. ಕಾಳು ಒಣಗಿಸುವುದರಲ್ಲಿ ಕಾಫಿ ಬೆಳೆಗಾರರ ಶಿಸ್ತು ಬೇಕು. ಬೆಂಬಲ ಬೆಲೆಯ ಖರೀದಿ ಕೇಂದ್ರದಲ್ಲಿ ತೇವಾಂಶದ ಸಾಮಾನ್ಯ ಮಿತಿ ಶೇಕಡಾ ೧೨. ೨೦೨೪ರಲ್ಲಿ ಪೇಟೆಯ ದರ ಆ ವರ್ಷದ ಬೆಂಬಲ ಬೆಲೆ ೪,೮೯೨ ರೂಪಾಯಿಗಿಂತ ಕೆಳಗಿಳಿದಾಗ ಕೇಂದ್ರ ಸರ್ಕಾರ ಖರೀದಿಗೆ ಒಪ್ಪಿತು, ನವೆಂಬರಿನಲ್ಲಿ ಮಿತಿಯನ್ನು ಶೇಕಡಾ ೧೫ಕ್ಕೆ ಸಡಿಲಿಸಿತು. ಪ್ರತಿ ವರ್ಷ ಅಂಥ ಸಡಿಲಿಕೆ ಸಿಗುವುದೆಂದು ನಂಬಿ ಕೂಡಲಾಗದು. ೨೦೨೫-೨೬ರ ಬೆಂಬಲ ಬೆಲೆ ಕ್ವಿಂಟಲಿಗೆ ೫,೩೨೮ ರೂಪಾಯಿ. ಎಕರೆಗೆ ಎರಡು ಕ್ವಿಂಟಲ್ ಹೆಚ್ಚಿದರೆ ಎಷ್ಟಾಯಿತೆಂದು ಸದಸ್ಯರೇ ಗುಣಿಸಿಕೊಳ್ಳಲಿ.

ನಮ್ಮ ಮಾತಿಗೆ ಬರುವ ಆಕ್ಷೇಪಣೆಯೂ ಗೊತ್ತಿದೆ. "ಟಾನಿಕ್ ಹೊಡೆದ ಹೊಲ ಕಣ್ಣಿಗೆ ಹಸಿರಾಗಿ ಕಾಣುತ್ತದಲ್ಲ?" ಎನ್ನುತ್ತಾರೆ. ಕಾಣಬಹುದು. ಮಣ್ಣು ಪರೀಕ್ಷೆಯಲ್ಲಿ ಸತು, ಗಂಧಕದ ಕೊರತೆ ಕಂಡುಬಂದರೆ ಅದನ್ನು ತುಂಬುವುದು ಅಗತ್ಯವೂ ಹೌದು. ಆದರೆ ಒಳಗೇನಿದೆಯೆಂದು ಸರಿಯಾಗಿ ಬರೆಯದ ಸೀಸೆಗೆ ಸಾಲ ಮಾಡುವ ಮೊದಲು ಒಂದು ಪರೀಕ್ಷೆ ಮಾಡಿ. ಹೊಲದ ನಡುವೆ ಹತ್ತು ಸಾಲಿಗೆ ಹೊಡೆಯದೆ ಬಿಡಿ, ಪಕ್ಕದ ಹತ್ತು ಸಾಲನ್ನು ಹೊಡೆದದ್ದೆಂದು ಗುರುತಿಸಿ. ರಾಶಿಯ ದಿನ ಎರಡನ್ನೂ ಬೇರೆಬೇರೆ ಒಕ್ಕಿ ತೂಗಿ. ಸೀಸೆಯ ಬೆಲೆ, ಸಿಂಪಡಣೆಯ ಕೂಲಿ ಕಳೆದ ಮೇಲೂ ಲಾಭ ಉಳಿದರೆ ಆ ತೂಕದ ಚೀಟಿಯನ್ನು ಮಹಾಸಭೆಗೆ ತನ್ನಿ. ನಾವು ಮಣಿಯಲು ಸಿದ್ಧ. ಅಂಗಡಿಯವನ ಮಾತಿಗಾಗಲಿ ನಮ್ಮ ಮಾತಿಗಾಗಲಿ ಅಲ್ಲ, ತಕ್ಕಡಿಯ ಮಾತಿಗೆ.

ಹಾಗಾದರೆ ಸಂಘ ಏನು ಮಾಡಬೇಕು? ನಮ್ಮ ಸಲಹೆ ಐದು. ಒಂದು, ಮಳಿಗೆಗೆ ಬಂದ ಪ್ರತಿ ತಂಡದ ಬೀಜವನ್ನು ಮಾರಾಟಕ್ಕೆ ಮುಂಚೆ ಮೊಳಕೆ ಪರೀಕ್ಷೆ ಮಾಡಿ, ಅಂಕೆಯನ್ನು ಹಲಗೆಯ ಮೇಲೆ ಬರೆಯುವುದು. ಎರಡು, ಬೀಜದ ಚೀಲ ಮರದ ಹಲಗೆಯ ಮೇಲೆ, ನಾಲ್ಕೈದಕ್ಕಿಂತ ಎತ್ತರಕ್ಕೆ ಒಟ್ಟದೆ ಇಡುವುದು, ರೈಜೋಬಿಯಂ ಪೊಟ್ಟಣಗಳಿಗೆ ತಂಪಾದ ಜಾಗ ಮಾಡುವುದು. ಮೂರು, ಏರುಮಡಿ ಮಾಡಿ ಬಿತ್ತುವ ಒಂದು ಯಂತ್ರ ಕೊಂಡು ಬಾಡಿಗೆಗೆ ಕೊಡುವುದು. ನಾಲ್ಕು, ತೇವಾಂಶ ಅಳೆಯುವ ಒಂದು ಮಾಪಕವನ್ನು ಮಳಿಗೆಯಲ್ಲಿ ಇಡುವುದು. ಕಾಫಿಗೂ ಅದು ಬೇಕೇ ಬೇಕು. ಐದು, ವಿಶ್ವವಿದ್ಯಾಲಯದ ಶಿಫಾರಸು ಇಲ್ಲದ ಯಾವ ದ್ರಾವಣವನ್ನೂ ಬೆಳೆಸಾಲದ ಲೆಕ್ಕದಲ್ಲಿ ಕೊಡದಿರುವುದು.

ಅಂದಿನ ಧಾರವಾಡ ಜಿಲ್ಲೆಯ ಕಣಗಿನಹಾಳದಲ್ಲಿ ೧೯೦೫ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಸಹಕಾರಿ ಸಂಘ ಕಟ್ಟಿದ್ದು ಬಡ್ಡಿಯ ಬಾಯಿಂದ ರೈತನನ್ನು ಬಿಡಿಸುವುದಕ್ಕೆ. ಅದೇ ನೆಲದ ಸಂಘವೊಂದು ಬೇಡದ ಖರ್ಚಿಗೆ ಸಾಲ ಬರೆದುಕೊಡುವುದು ಆ ಉದ್ದೇಶಕ್ಕೆ ಸಲ್ಲದ ಮಾತು. ಈ ಐದು ಸಲಹೆಗಳನ್ನು ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಸೇರಿಸಲಾಗಿದೆ. ಒಪ್ಪುವವರೂ ಬನ್ನಿ, ಒಪ್ಪದವರು ತಪ್ಪದೆ ಬನ್ನಿ. ಅಷ್ಟರೊಳಗೆ ಮನೆಯಲ್ಲಿರುವ ಬೀಜದಿಂದ ನೂರು ಕಾಳು ಎಣಿಸಿ ಒದ್ದೆ ತಾಟಿನಲ್ಲಿ ಸುತ್ತಿಡಿ ಎಂಬುದೇ ಸದ್ಯದ ವಿನಂತಿ.

ಕಾರ್ಯದರ್ಶಿ